ಮಗ್ಗದ ಕುಣಿಯಲ್ಲಿ ಕಿಲ್ಲಿ ಮೀನು

ನಮ್ಮೂರು ಗುಳೇದಗುಡ್ಡ. ಮನೆತನದ ಕೆಲಸ ಖಣ ನೇಯುವುದು. ಮನೆಯಲ್ಲಿ ಎರಡು ಕುಣಿ ಮಗ್ಗ ಇದ್ದವು, ಅಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥವು. ಅಪ್ಪ ಹೋದ ಮೇಲೆ ಒಂದು ನಿಂತಿತು. ಚೌಕಟ್ಟು ಬಿಚ್ಚಿ ಅಟ್ಟಕ್ಕೆ ಏರಿಸಿದೆವು. ಕುಣಿ ಮಾತ್ರ ಹಾಗೇ ಉಳಿಯಿತು, ಎರಡೂವರೆ ಅಡಿ ಆಳ. ‘ಮುಚ್ಚಿಸಿಬಿಡಪಾ, ಯಾರರ ಬಿದ್ದಾರು’ ಅಂತ ಅವ್ವ ವರ್ಷಗಟ್ಟಲೆ ಹೇಳಿದಳು. ಈಗ ಅದರೊಳಗೆ ಮೂರು ಗಾಜಿನ ತೊಟ್ಟಿಗಳಿವೆ. ತೊಟ್ಟಿಯೊಳಗೆ ಆಫ್ರಿಕಾದ ಗಬಾನ್ ಕಡೆಯ ಕಿಲ್ಲಿ ಮೀನು.

ಬಾಗಲಕೋಟೆ ಜಿಲ್ಲೆಯ ಬಿಸಿಲಲ್ಲಿ ಇದು ಬದುಕುತ್ತಾ ಅಂತ ಕೇಳುವವರೇ ಜಾಸ್ತಿ. ಬದುಕುತ್ತದೆ, ಮರಿಯನ್ನೂ ಮಾಡುತ್ತದೆ. ಆದರೆ ಅಂಗಡಿಯಲ್ಲಿ ಗಪ್ಪಿ, ಮಾಲಿ ತಂದು ಸಾಕಿದ ಲೆಕ್ಕದಲ್ಲಿ ಇದನ್ನು ಸಾಕಲು ಹೋದರೆ ಒಂದೇ ಬೇಸಿಗೆಗೆ ಕತೆ ಮುಗಿಯುತ್ತದೆ. ಇದಕ್ಕೆ ಬೇಕಾದದ್ದು ಮೂರೇ: ತಂಪು, ಮಬ್ಬು ಬೆಳಕು, ಮೇಲೊಂದು ಬಿಗಿ ಮುಚ್ಚಳ.

ಮೊದಲು ಮೀನು ಎಂಥದ್ದು ಅಂತ ಹೇಳಿಬಿಡುತ್ತೇನೆ. ಇದರ ಪೂರ್ತಿ ಹೆಸರು ಅಫಿಯೋಸೆಮಿಯಾನ್ ಆಸ್ಟ್ರೇಲ್. ಈ ಹೆಸರು 1921ರದ್ದು. ಆಸ್ಟ್ರೇಲ್ ಅಂದರೆ ದಕ್ಷಿಣದ್ದು ಅಂತ ಅರ್ಥ, ಆಸ್ಟ್ರೇಲಿಯಾಕ್ಕೂ ಇದಕ್ಕೂ ಸಂಬಂಧವಿಲ್ಲ. ಮೀನು ಸಾಕುವವರು ಕೇಪ್ ಲೋಪೆಜ್ ಲೈರ್‌ಟೇಲ್ ಅನ್ನುತ್ತಾರೆ. ಕೇಪ್ ಲೋಪೆಜ್ ಗಬಾನಿನ ಕರಾವಳಿಯ ಒಂದು ಭೂಶಿರ. ಲೈರ್ ಅಂದರೆ ಎರಡು ಕೊಂಬಿನ ಹಳೇ ತಂತಿವಾದ್ಯ, ಗಂಡಿನ ಬಾಲ ಹಾಗೇ ಎರಡು ತುದಿ ಚಾಚಿಕೊಂಡಿರುತ್ತದೆ. ಇನ್ನು ‘ಕಿಲ್ಲಿ’. ನನ್ನ ಮಗ ಇಂಗ್ಲಿಷ್ ‘ಕಿಲ್’ ಅಂದುಕೊಂಡು, ಇದು ಕೊಲ್ಲುವ ಮೀನು ಅಂತ ಓಣಿಯ ಹುಡುಗರಿಗೆಲ್ಲ ಹೇಳಿಕೊಂಡು ಬಂದಿದ್ದ. ಅದು ಡಚ್ ಮಾತಿನ ‘ಕಿಲ್’, ಹಳ್ಳ ಅಂತ ಅರ್ಥ. ಹಳ್ಳದ ಮೀನು, ಅಷ್ಟೇ.

ಗಂಡು ಎರಡು ಇಂಚಿಗಿಂತ ಒಂದು ಎಳೆ ಉದ್ದ. ಕಂದು ಮಿಶ್ರಿತ ಕಿತ್ತಳೆ ಮೈ, ಮೈತುಂಬ ಕೆಂಪು ಚುಕ್ಕಿ, ರೆಕ್ಕೆಗೆ ಕೆಂಪು ಗೆರೆ, ಗೆರೆಯ ಆಚೆ ಕಿತ್ತಳೆ ಅಂಚು, ಬಾಲದ ತುದಿಗಳು ಬಿಳಿ. ನೇಕಾರನ ಕಣ್ಣಿಗೆ ಇದು ಮೀನಿಗಿಂತ ಮೊದಲು ಖಣದ ಹಾಗೆ ಕಾಣುತ್ತದೆ: ಒಡಲು, ಬುಟ್ಟಾ, ಅಂಚು, ಎಲ್ಲ ಲೆಕ್ಕಾಚಾರದಲ್ಲಿದೆ. ಹೆಣ್ಣು ಮಾತ್ರ ಮಾಸಿದ ಕಂದು ಬಣ್ಣ, ಅಲ್ಲಲ್ಲಿ ನಾಲ್ಕು ಕೆಂಪು ಚುಕ್ಕಿ. ಮೊದಲ ಸಲ ನೋಡಿದವರು ಬೇರೆ ಜಾತಿಯ ಮೀನು ಅಂದುಕೊಳ್ಳುತ್ತಾರೆ.

ಗಬಾನ್ ಭೂಮಧ್ಯರೇಖೆಯ ಮೇಲಿದೆ, ಹಾಗಾದರೆ ಬಿಸಿ ತಡೆಯಬೇಕಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಈ ಮೀನು ಇರುವುದು ಕಾಡಿನೊಳಗಿನ ಸಣ್ಣ ಹಳ್ಳಗಳಲ್ಲಿ, ಕೊಳೆತ ಎಲೆಯ ಮೇಲೆ ತೆಳ್ಳಗೆ ಹರಿಯುವ ನೀರಿನಲ್ಲಿ. ಅಲ್ಲಿ ನೆಲಕ್ಕೆ ಬಿಸಿಲು ಬೀಳುವುದೇ ಕಡಿಮೆ. ಹಾಗಾಗಿ ಅದಕ್ಕೆ ಒಗ್ಗಿದ್ದು 21ರಿಂದ 24 ಡಿಗ್ರಿ. 26ರಲ್ಲಿ ನಡೆಯುತ್ತದೆ. 28 ದಾಟಿದರೆ ಏದುಸಿರು ಬಿಡುತ್ತದೆ. ಹೀಟರ್ ಅಂತೂ ಬೇಡವೇ ಬೇಡ. ನಮ್ಮಲ್ಲಿ ಡಿಸೆಂಬರ್ ರಾತ್ರಿ ತೊಟ್ಟಿಯ ನೀರು 19ಕ್ಕೆ ಇಳಿದದ್ದುಂಟು. ಮೀನು ಏನೂ ಆಗದ ಹಾಗೆ ಓಡಾಡಿಕೊಂಡಿತ್ತು.

ಕುಣಿಯ ಉಪಾಯ ಹೊಳೆದದ್ದು ಮಗ್ಗದ ಮೇಲೆ ಕೂತಾಗ. ಮೇ ತಿಂಗಳಲ್ಲಿ ಹೊರಗೆ ನಲವತ್ತು ಡಿಗ್ರಿ ಇರುತ್ತದೆ. ಬೆನ್ನ ಮೇಲೆ ಬೆವರು ಹರಿಯುತ್ತದೆ, ಕುಣಿಯೊಳಗಿನ ಪಾದ ಮಾತ್ರ ತಣ್ಣಗೆ. ಮೂವತ್ತು ವರ್ಷ ಕೂತವನಿಗೆ ಇದು ಹೊಸದಲ್ಲ, ಆದರೆ ಅದನ್ನು ಮೀನಿಗೆ ಹೊಂದಿಸಿ ನೋಡಿರಲಿಲ್ಲ. ಥರ್ಮಾಮೀಟರ್ ಇಳಿಬಿಟ್ಟೆ. ಕೋಣೆಯಲ್ಲಿ 36, ಕುಣಿಯ ತಳದಲ್ಲಿಟ್ಟ ಬಕೆಟ್ಟಿನ ನೀರಲ್ಲಿ 29. ಸಾಲದು. ತೊಟ್ಟಿಯ ಮೂರು ಮಗ್ಗುಲಿಗೆ ಒದ್ದೆ ಗೋಣಿತಾಟು ಸುತ್ತಿ, ಮೇಲಿಂದ ಸಣ್ಣ ಟೇಬಲ್ ಫ್ಯಾನ್ ಹಚ್ಚಿದೆ. ಮೂರು ತಾಸಿನಲ್ಲಿ 26ಕ್ಕೆ ಇಳಿಯಿತು. ಮಣ್ಣಿನ ಅರವಿಯಲ್ಲಿ ನೀರು ತಣ್ಣಗಾಗುತ್ತದಲ್ಲ, ಅದೇ ಲೆಕ್ಕ. ನಮ್ಮ ಬೇಸಿಗೆ ಒಣ ಬೇಸಿಗೆ, ಅದಕ್ಕೇ ಗೋಣಿಯ ನೀರು ಬೇಗ ಆರಿ ಗಾಜನ್ನು ತಂಪು ಮಾಡುತ್ತದೆ. ಕಾರವಾರ, ಮಂಗಳೂರಿನ ಕಡೆ ಇದು ಇಷ್ಟು ಕೆಲಸ ಮಾಡಲ್ಲ. ಗೋಣಿಯನ್ನು ದಿನಕ್ಕೆ ಮೂರು ಸಲ ತೋಯಿಸಬೇಕು, ಮರೆಯಬಾರದು.

ನಿಮ್ಮ ಮನೆಯಲ್ಲಿ ಕುಣಿ ಇರಬೇಕು ಅಂತೇನಿಲ್ಲ. ಮಣ್ಣಿನ ಗೋಡೆಯ ಹಳೇ ಮನೆಯ ನಡುಕೋಣೆಯ ನೆಲ, ಮೆಟ್ಟಿಲ ಕೆಳಗಿನ ಸಂದಿ, ನೆಲಮಾಳಿಗೆ ಏನಿದ್ದರೂ ನಡೆಯುತ್ತದೆ. ಆರ್‌ಸಿಸಿ ಮನೆಯ ಮೇಲ್ಮಹಡಿ ಮಾತ್ರ ಬೇಡ. ಬೆಳಗಾವಿಯವರಿಗೆ ಇಷ್ಟು ಒದ್ದಾಟವಿಲ್ಲ. ಅಲ್ಲಿನ ನನ್ನ ಗೆಳೆಯ ತೊಟ್ಟಿಯನ್ನು ಸುಮ್ನೆ ನೆಲದ ಮೇಲಿಟ್ಟು ಬೇಸಿಗೆ ಕಳೆಯುತ್ತಾನೆ. ವಿಜಯಪುರದವರಿಗೆ ನಮಗಿಂತ ಒಂದು ಗೋಣಿ ಜಾಸ್ತಿ ಬೇಕಾದೀತು.

ತೊಟ್ಟಿ ದೊಡ್ಡದಿರಬೇಕಿಲ್ಲ. ಒಂದು ಗಂಡು, ಎರಡು ಹೆಣ್ಣಿಗೆ 25 ಲೀಟರ್ ಸಾಕು. ಒಂದೇ ಹೆಣ್ಣು ಬಿಟ್ಟರೆ ಗಂಡು ಅದನ್ನು ಅಟ್ಟಾಡಿಸಿ ಸುಸ್ತು ಮಾಡುತ್ತದೆ. ಇಬ್ಬರಿದ್ದರೆ ಕಾಟ ಹಂಚಿಹೋಗುತ್ತದೆ. ತಳಕ್ಕೆ ಬಣ್ಣದ ಕಲ್ಲು ಹಾಕಬೇಡಿ. ಒಣ ಎಲೆ, ಒಂದಿಷ್ಟು ಜಾವಾ ಮಾಸ್ ಅನ್ನುವ ಪಾಚಿ ಇರಲಿ. ಮಬ್ಬು ಬೆಳಕಿನಲ್ಲೂ ಅದು ಬೆಳೆಯುತ್ತದೆ. ಸ್ಪಾಂಜ್ ಫಿಲ್ಟರ್ ಇರಲಿ, ಗುಳ್ಳೆ ನಿಧಾನಕ್ಕೆ ಬರುವಂತೆ ತಿರುವಿಡಿ. ಜೋರಾಗಿ ಹರಿಯುವ ನೀರು ಇದಕ್ಕೆ ಇಷ್ಟವಿಲ್ಲ. ಕರೆಂಟು ನಾಲ್ಕು ತಾಸು ಹೋದರೆ ಗಾಬರಿ ಬೇಡ. ಮೀನು ಕಡಿಮೆ ಇದ್ದರೆ ತಡೆದುಕೊಳ್ಳುತ್ತದೆ.

ಮುಚ್ಚಳದ ಮಾತು. ನನಗೆ ಮೊದಲು ಸಿಕ್ಕ ಗಂಡು ಬಹಳ ಚೆಂದಿತ್ತು. ಆಗ ತೊಟ್ಟಿ ಇನ್ನೂ ಕುಣಿಗೆ ಇಳಿದಿರಲಿಲ್ಲ. ಗಾಜಿನ ಮುಚ್ಚಳ ಇಟ್ಟಿದ್ದೆ, ಗಾಳಿ ಪೈಪು ಇಳಿಯಲಿ ಅಂತ ಮೂಲೆಯಲ್ಲಿ ಬೆರಳಗಲ ಜಾಗ ಬಿಟ್ಟಿದ್ದೆ. ಒಂದು ಬೆಳಿಗ್ಗೆ ತೊಟ್ಟಿಯಲ್ಲಿ ಗಂಡು ಇಲ್ಲ. ಎಲೆ ಎತ್ತಿ ನೋಡಿದೆ, ಪಾಚಿ ಕೆದರಿದೆ, ಇಲ್ಲ. ಮಧ್ಯಾಹ್ನ ಈ ಕಡೆಯ ಮಗ್ಗಕ್ಕೆ ಕೂತು ಕಾಲು ಇಳಿಬಿಟ್ಟಾಗ ತುಳಿಹಲಗೆಯ ಪಕ್ಕ ಏನೋ ಗರಿಗರಿ ಅನ್ನಿಸಿತು. ಅದೇ. ನಾಲ್ಕು ಅಡಿ ಹಾರಿ, ತೆವಳಿ ಬಂದಿತ್ತು. ಒಣಗಿದ ಮೇಲೂ ಬಾಲದ ಬಿಳಿ ಅಂಚು ಮಾಸಿರಲಿಲ್ಲ. ಅವತ್ತು ನೇಯಲು ಮನಸ್ಸಾಗಲಿಲ್ಲ. ಈಗ ಪೈಪಿನ ಸುತ್ತ ಸ್ಪಾಂಜ್ ತುರುಕುತ್ತೇನೆ. ಮುಚ್ಚಳದ ಮೇಲೊಂದು ಹಳೇ ಲಾಳಿ ಭಾರಕ್ಕೆ ಇಡುತ್ತೇನೆ. ನೀರನ್ನು ಗಂಟಲತನಕ ತುಂಬಿಸದೆ ಎರಡು ಇಂಚು ಕೆಳಗೇ ನಿಲ್ಲಿಸುತ್ತೇನೆ.

ಇನ್ನು ನೀರು. ನಮ್ಮ ಬೋರ್‌ವೆಲ್ ನೀರು ಎಂಥದ್ದು ಅಂತ ಹಂಡೆಯ ಒಳಗೆ ಕಟ್ಟಿದ ಬಿಳಿ ಪದರ ನೋಡಿದರೆ ಗೊತ್ತಾಗುತ್ತದೆ. ನನ್ನ ಮೀಟರಿನಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣದ ಲೆಕ್ಕ, 1,100 ತೋರಿಸಿತು. ಕಾಡಿನ ಹಳ್ಳದ ಮೀನಿಗೆ ಇದು ಬಹಳ ಗಡಸು. ದೊಡ್ಡ ಮೀನು ಹೇಗೋ ಬದುಕಬಹುದು, ಮೊಟ್ಟೆ ಮಾತ್ರ ಸರಿಯಾಗಿ ಬೆಳೆಯಲ್ಲ. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಬರುವ ಶುದ್ಧ ನೀರಿನ ಘಟಕ ಇದೆಯಲ್ಲ, ಅಲ್ಲಿನ ನೀರು 70 ತೋರಿಸಿತು. ಹಾಗಂತ ಅದನ್ನೊಂದನ್ನೇ ಸುರಿಯಬೇಡಿ. ಅದರಲ್ಲಿ ಲವಣ ತೀರಾ ಕಡಿಮೆ, ನೀರು ಇದ್ದಕ್ಕಿದ್ದಂತೆ ಹುಳಿಗೆ ತಿರುಗಿ ಮೀನು ಕಂಗೆಡುತ್ತದೆ. ನಾಲ್ಕು ಕೊಡ ಘಟಕದ ನೀರಿಗೆ ಒಂದು ಕೊಡ ಬೋರಿನ ನೀರು ಬೆರೆಸುತ್ತೇನೆ, 270–280ಕ್ಕೆ ನಿಲ್ಲುತ್ತದೆ. ಮಳೆಗಾಲದಲ್ಲಿ ಆ ಐದು ರೂಪಾಯಿಯೂ ಉಳಿಯುತ್ತದೆ. ಮೊದಲ ಎರಡು ಮಳೆ ಮಾಳಿಗೆ ತೊಳೆಯಲು ಬಿಟ್ಟು, ಮೂರನೆಯ ಮಳೆಯಿಂದ ಡ್ರಮ್ಮಿಗೆ ಹಿಡಿಯಿರಿ. ನಳದ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು.

ಎಲೆ ಅಂದೆನಲ್ಲ, ಅದು ಕಾಡುಬಾದಾಮಿಯ ಎಲೆ. ಶಾಲೆಯ ಅಂಗಳದಲ್ಲಿ ನೆರಳಿಗೆ ನೆಟ್ಟಿರುತ್ತಾರೆ, ಅಗಲ ಎಲೆ, ಉದುರುವ ಮುಂಚೆ ಕೆಂಪಾಗುತ್ತದೆ. ತಾನಾಗಿ ಉದುರಿ ಕಂದಾದದ್ದನ್ನೇ ಆರಿಸಿ, ತೊಳೆದು, ತೊಟ್ಟಿಗೊಂದು ಹಾಕಿ. ನಾಲ್ಕು ದಿನಕ್ಕೆ ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ಬರುತ್ತದೆ. ಕೊಳಕಾಗಿದೆ ಅಂತ ಮನೆಯವರು ಚೆಲ್ಲಲು ಬಂದಾರು, ಮೊದಲೇ ಹೇಳಿಡಿ. ಆ ನೀರಿನಲ್ಲೇ ಗಂಡಿನ ಕೆಂಪು ಎದ್ದು ಕಾಣುವುದು.

ಊಟದ ವಿಷಯದಲ್ಲಿ ಇದು ಸ್ವಲ್ಪ ಜಂಬದ ಮೀನು. ಒಣ ಕಾಳು ಹಾಕಿದರೆ ಬಾಯಿಗೆ ಹಾಕಿಕೊಂಡು ಉಗಿಯುತ್ತದೆ. ಜೀವಂತ ಹುಳ ಬೇಕು, ಎಲ್ಲಕ್ಕಿಂತ ಸೊಳ್ಳೆ ಮರಿ ಅಂದರೆ ಪ್ರಾಣ. ಹಿತ್ತಲಲ್ಲಿ ಒಂದು ಬಕೆಟ್ ನೀರಿಗೆ ನಾಲ್ಕು ಒಣ ಎಲೆ ಹಾಕಿಟ್ಟರೆ ವಾರದೊಳಗೆ ಬಳುಕುವ ಮರಿಗಳು ಸಿಗುತ್ತವೆ. ನಾನೂ ಇಟ್ಟಿದ್ದೆ. ಒಂದು ದಿನ ಆಶಾ ಕಾರ್ಯಕರ್ತೆ ಲಾರ್ವಾ ನೋಡಲು ಮನೆಮನೆಗೆ ಬಂದವರು ನೇರ ಆ ಬಕೆಟ್ಟಿನ ಮುಂದೆ ನಿಂತರು. ‘ಅಣ್ಣಾರ, ಊರಿಗೆಲ್ಲ ನೀರ್ ಚೆಲ್ರಿ ಅಂತ ನಾ ಹೇಳ್ಕೋತ ಅಡ್ಡಾಡಾಕತ್ತೀನಿ, ನೀವ್ ನೋಡಿದ್ರ ಸೊಳ್ಳಿ ಸಾಕೀರಿ!’ ಮೀನಿಗೆ ಅಂದೆ. ‘ಮೀನ ತಿನ್ನೂದರೊಳಗ ನಾಕ್ ಹಾರಿ ಹೋದ್ರ?’ ಅಂದರು. ಉತ್ತರವಿರಲಿಲ್ಲ. ಅವರ ಎದುರಿಗೇ ಚೆಲ್ಲಿದೆ. ಡೆಂಗಿ ಕಾಲದಲ್ಲಿ ಇದು ಆಟವಲ್ಲ. ನೀವು ಇಟ್ಟರೂ ಎರಡು ದಿನಕ್ಕೊಮ್ಮೆ ಸೋಸಬೇಕು, ಒಂದೂ ಉಳಿಯಬಾರದು. ಅಷ್ಟು ಶಿಸ್ತು ಇಲ್ಲದಿದ್ದರೆ ಇಡಲೇಬೇಡಿ. ನಾನು ಈಗ ಡಾಫ್ನಿಯಾ ಅನ್ನುವ ಸಣ್ಣ ನೀರುಹುಳ ಬೆಳೆಸುತ್ತೇನೆ, ಫ್ರೀಜ್ ಮಾಡಿದ ಕೆಂಪು ಹುಳ ಬಾಗಲಕೋಟೆಯಿಂದ ತರುತ್ತೇನೆ. ಹುಳ ಸಿಗದ ದಿನ ಉಪವಾಸ. ಒಂದು ದಿನದ ಉಪವಾಸಕ್ಕೆ ಮೀನು ಸಾಯಲ್ಲ.

ಮರಿ ಮಾಡಿಸುವುದೇ ಇದರ ಮಜಾ. ಈ ಕಿಲ್ಲಿ ದಿನಕ್ಕೆ ನಾಲ್ಕೈದರಂತೆ ಅಂಟು ಮೊಟ್ಟೆಗಳನ್ನು ಗಿಡದ ಬೇರು, ಪಾಚಿಯೊಳಗೆ ಒಂದೊಂದಾಗಿ ಇಡುತ್ತದೆ. ಸಾಕುವವರು ಬೇರಿನ ಬದಲು ನೂಲಿನ ಕುಚ್ಚು ಇಳಿಬಿಡುತ್ತಾರೆ. ಇದನ್ನು ಕೇಳಿದ ಕೂಡಲೇ ನಾನು ನಕ್ಕೆ. ನೂಲಿಗೇನು ಬರ ನಮ್ಮನೆಯಲ್ಲಿ? ಮಗ್ಗದ ಹತ್ತಿ ನೂಲು, ಚೂರು ರೇಷ್ಮೆ ಸೇರಿಸಿ ಅಂದದ ಕುಚ್ಚು ಕಟ್ಟಿ ಬಿಟ್ಟೆ. ಎರಡೇ ದಿನಕ್ಕೆ ನೀರು ಕುಂಕುಮ ಕದಡಿದ ಹಾಗಾಯಿತು, ಬಣ್ಣ ಬಿಟ್ಟಿತ್ತು. ಬಿಳಿ ನೂಲು ಹಾಕಿ ನೋಡಿದೆ. ಹತ್ತು ದಿನಕ್ಕೆ ಹತ್ತಿ ಕೊಳೆತು ಲೋಳೆಯಾಯಿತು, ಅದರೊಳಗಿನ ಮೊಟ್ಟೆಗೆಲ್ಲ ಬೂಷ್ಟು. ನೂಲಿನವನು ನೂಲಿನಲ್ಲೇ ಸೋತೆ.

ಬೇಕಾದದ್ದು ಅಕ್ರಿಲಿಕ್ ಉಲ್ಲನ್, ಸ್ವೆಟರ್ ಹೆಣೆಯುವ ದಾರ. ಅದು ಕೊಳೆಯಲ್ಲ. ಕಡು ಹಸಿರು ಬಣ್ಣದ್ದು ತನ್ನಿ, ಮೊಟ್ಟೆ ಎದ್ದು ಕಾಣುತ್ತದೆ. ಶಾಲೆಯ ನೋಟ್‌ಬುಕ್ಕಿಗೆ ಉದ್ದುದ್ದ ನಲವತ್ತು ಸುತ್ತು ಸುತ್ತಿ. ಒಂದು ತುದಿಯಲ್ಲಿ ಎಲ್ಲ ಎಳೆ ಸೇರಿಸಿ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿ ಕತ್ತರಿಸಿ. ಹಳೇ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ. ಬಣ್ಣ ಬಿಟ್ಟರೆ ನೀರು ಬದಲಿಸಿ ಮತ್ತೆ ಕುದಿಸಿ, ಆಗಲೂ ಬಿಟ್ಟರೆ ಬಿಸಾಡಿ. ಕಟ್ಟಿದ ತುದಿಗೆ ಥರ್ಮೋಕೋಲ್ ತುಂಡು ಕಟ್ಟಿದರೆ ಕುಚ್ಚು ತೇಲುತ್ತ ಕೆಳಗೆ ಜೋಲುತ್ತದೆ.

ನಾಲ್ಕು ದಿನಕ್ಕೊಮ್ಮೆ ಕುಚ್ಚು ಹೊರತೆಗೆದು ಮೆಲ್ಲಗೆ ಹಿಂಡಿ. ಕಿಟಕಿಯ ಬೆಳಕಿಗೆ ಹಿಡಿದು ಎಳೆ ಎಳೆ ಬಿಡಿಸಿ. ಮೊದಲು ಏನೂ ಕಾಣಲ್ಲ. ಒಂದು ಸಿಕ್ಕ ಮೇಲೆ ಹತ್ತು ಸಿಗುತ್ತವೆ. ಗಸಗಸೆಗಿಂತ ತುಸು ದಪ್ಪ, ನೆನೆಸಿದ ಸಾಬೂದಾನಿಯ ಹಾಗೆ ಪಾರದರ್ಶಕ. ಒಡೆದೀತು ಅಂತ ಹೆದರಬೇಡಿ. ಒಳ್ಳೆಯ ಮೊಟ್ಟೆ ಗಟ್ಟಿ, ಬೆರಳ ತುದಿಯಲ್ಲಿ ಹಿಡಿದು ತೆಗೆಯಬಹುದು. ಮುಟ್ಟಿದ ಕೂಡಲೇ ಒಡೆಯುವುದು ಮೊದಲೇ ಕೆಟ್ಟದ್ದು. ಕಡಿದ ಎಳೆ ಹುಡುಕಿ ಗಂಟು ಹಾಕಿ ಪಳಗಿದ ಕೈ ಇದ್ದರೆ ಇದು ಹಬ್ಬ. ನನ್ನ ಹೆಂಡತಿ ಕನ್ನಡಕ ಇಲ್ಲದೆ ನನಗಿಂತ ಜಾಸ್ತಿ ಹೆಕ್ಕುತ್ತಾಳೆ.

ಹೆಕ್ಕಿದ ಮೊಟ್ಟೆಯನ್ನು ಊಟದ ಪಾರ್ಸೆಲ್ಲಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒಂದು ಇಂಚು ನೀರಿನಲ್ಲಿ ಇಡಿ. ಬೂಷ್ಟು ತಡೆಯುವ ನೀಲಿ ಔಷಧ ಮೀಥಿಲೀನ್ ಬ್ಲೂ ಒಂದು ಹನಿ ಸಾಕು, ತೆಳು ಆಕಾಶ ಬಣ್ಣ ಬರುವಷ್ಟು. ಕತ್ತಲಲ್ಲಿಡಿ, ದಿನಾ ಒಮ್ಮೆ ನೋಡಿ, ಬೆಳ್ಳಗಾದದ್ದನ್ನು ತೆಗೆದುಹಾಕಿ. ಒಂದರ ಬೂಷ್ಟು ಪಕ್ಕದ್ದಕ್ಕೂ ಹತ್ತುತ್ತದೆ. ಹತ್ತು ಹನ್ನೆರಡು ದಿನಕ್ಕೆ ಮೊಟ್ಟೆಯೊಳಗೆ ಎರಡು ಕಪ್ಪು ಚುಕ್ಕಿ ಕಾಣುತ್ತವೆ. ಕಣ್ಣು. ಭೂತಗನ್ನಡಿ ಹಿಡಿದರೆ ಆ ಕಪ್ಪಿನ ಸುತ್ತ ಬಂಗಾರದ ಉಂಗುರ ಇರುತ್ತದೆ, ಕೂದಲಷ್ಟೇ ಸಣ್ಣದು. ಮೊಟ್ಟೆಯೊಳಗೇ ಸುರುಳಿ ಸುತ್ತಿಕೊಂಡ ಮೈ ಒಮ್ಮೊಮ್ಮೆ ಗಿರ್ರನೆ ತಿರುಗುತ್ತದೆ, ಆ ಕಣ್ಣು ಈ ಕಡೆ ಬಂದು ನಿಮ್ಮನ್ನೇ ನೋಡಿದ ಹಾಗಾಗುತ್ತದೆ. ಮೊದಲ ಸಲ ಇದನ್ನು ಅವ್ವನಿಗೆ ತೋರಿಸಿದೆ. ಆಮೇಲೆ ಕುಣಿ ಮುಚ್ಚಿಸು ಅನ್ನುವುದನ್ನು ಬಿಟ್ಟಳು.

ಎರಡರಿಂದ ಮೂರು ವಾರಕ್ಕೆ ಒಡೆದು ಮರಿ ಬರುತ್ತದೆ. ಕಣ್ಣು ಮೂಡಿಯೂ ಹೊರಬರದೆ ಹಟ ಹಿಡಿದರೆ ಒಂದು ಉಪಾಯವಿದೆ. ಸಣ್ಣ ಬಾಟ್ಲಿಯಲ್ಲಿ ಅರ್ಧ ನೀರು, ಮೊಟ್ಟೆ ಹಾಕಿ, ಬಾಯಿಂದ ಉಸಿರು ಊದಿ ಮುಚ್ಚಳ ಬಿಗಿದು, ಅಂಗಿಯ ಜೇಬಿನಲ್ಲಿಟ್ಟುಕೊಂಡು ಒಂದೆರಡು ತಾಸು ಓಡಾಡಿ. ಅಲುಗಾಟಕ್ಕೋ, ಉಸಿರುಗಟ್ಟಿದ್ದಕ್ಕೋ, ಮರಿ ಒಡೆದು ಬರುತ್ತದೆ. ನಾನು ಹಾಗೇ ಮಂಗಳವಾರದ ಸಂತೆಗೆ ಹೋಗಿ ಬಂದದ್ದಿದೆ. ಬಂದ ಕೂಡಲೇ ಅಗಲ ಪಾತ್ರೆಗೆ ಬಿಡಬೇಕು, ಇಲ್ಲದಿದ್ದರೆ ಅಲ್ಲೇ ಸಾಯುತ್ತದೆ.

ಮರಿಗೆ ಮೊದಲ ದಿನದಿಂದಲೇ ಹಸಿವು. ಆರ್ಟೀಮಿಯಾ ಅನ್ನುವ ಉಪ್ಪುನೀರಿನ ಸಣ್ಣ ಸೀಗಡಿಯ ಮೊಟ್ಟೆ ಒಡೆಸಿ ಕೊಡುವುದು ಒಳ್ಳೆಯದು: ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಕೆಳಗಿಂದ ಜೋರು ಗಾಳಿ. ನಮ್ಮ ಸೆಕೆ ಒಂದು ಕೆಲಸಕ್ಕಾದರೂ ಬಂತಲ್ಲ, ಒಂದೇ ದಿನಕ್ಕೆ ಒಡೆಯುತ್ತದೆ. ತೀರಾ ಸಣ್ಣ ಮರಿಗೆ ಮೈಕ್ರೋವರ್ಮ್ ಅನ್ನುವ ಎಳೆಯಂಥ ಸಣ್ಣ ಹುಳ ಸುಲಭ. ಪುಸ್ತಕದಲ್ಲೆಲ್ಲ ಅದನ್ನು ಓಟ್ಸ್ ಮೇಲೆ ಬೆಳೆಸಿ ಅಂತಿರುತ್ತದೆ. ನಾನು ಜೋಳದ ಹಿಟ್ಟಿನ ಗಟ್ಟಿ ಗಂಜಿ ಮಾಡಿ, ಆರಿದ ಮೇಲೆ ಚಿಟಿಕೆ ಈಸ್ಟ್ ಉದುರಿಸಿ ಅದರ ಮೇಲೆ ಹುಳ ಬಿಡುತ್ತೇನೆ. ನಾಲ್ಕೈದು ದಿನಕ್ಕೆ ಡಬ್ಬಿಯ ಗೋಡೆ ಹತ್ತುತ್ತವೆ, ಬೆರಳಿಂದ ಬಳಿದು ಕೊಡುವುದು. ಉಳಿದ ಹುಳ ತಳದಲ್ಲಿ ಕೊಳೆಯುತ್ತದೆ, ಅದಕ್ಕೆ ದಿನಾ ಸ್ವಲ್ಪ ನೀರು ತೆಗೆದು ಹೊಸದು ಹಾಕಿ. ಎರಡು ವಾರಕ್ಕೊಮ್ಮೆ ದೊಡ್ಡ ಮರಿಗಳನ್ನು ಬೇರೆ ಮಾಡಿ. ಅಣ್ಣ ತಮ್ಮನನ್ನು ನುಂಗುವುದು ಇವುಗಳಲ್ಲಿ ಮಾಮೂಲು.

ರೋಗ ಒಂದೇ ನನ್ನನ್ನು ಕಾಡಿದ್ದು, ವೆಲ್ವೆಟ್. ಟಾರ್ಚ್ ಓರೆಯಾಗಿ ಬಿಟ್ಟರೆ ಮೀನಿನ ಮೈಮೇಲೆ ಬಂಗಾರದ ಹುಡಿ ಎರಚಿದ ಹಾಗೆ ಕಾಣುತ್ತದೆ. ಜರಿ ನೋಡಿ ಪಳಗಿದವನು ನಾನು, ಚೆಂದ ಇದೆ ಅಂದುಕೊಂಡು ಎರಡು ದಿನ ಸುಮ್ಮನಿದ್ದೆ. ನಾಲ್ಕು ಮೀನು ಹೋದವು. ಈಗ ಮುಂಜಾಗ್ರತೆಗೆ ಹತ್ತು ಲೀಟರಿಗೆ ಒಂದು ಚಹಾ ಚಮಚ ಕಲ್ಲುಪ್ಪು ಹಾಕಿರುತ್ತೇನೆ. ಹೊಸ ಮೀನು ತಂದರೆ ಮೂರು ವಾರ ಬೇರೆ ತೊಟ್ಟಿ, ಬೇರೆ ಬಲೆ.

ಹೊಸಬರು ನೇರ ಆಸ್ಟ್ರೇಲ್‌ಗೆ ಕೈ ಹಾಕದೆ ಮೊದಲು ಗಾರ್ಡ್ನೆರಿ ಅನ್ನುವ ಇನ್ನೊಂದು ಕಿಲ್ಲಿ ಸಾಕಿ ನೋಡಿ. ನೈಜೀರಿಯಾ, ಕ್ಯಾಮರೂನ್ ಕಡೆಯದು, ನೀಲಿ ಮೈಗೆ ಕೆಂಪು ಚುಕ್ಕಿ. ಗಡಸು ನೀರನ್ನೂ ಸೆಕೆಯನ್ನೂ ಆಸ್ಟ್ರೇಲ್‌ಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಬೇರೆ ಬೇರೆ ಜಾತಿಯ ಕಿಲ್ಲಿಗಳನ್ನು ಒಂದೇ ತೊಟ್ಟಿಗೆ ಹಾಕಬೇಡಿ. ಹತ್ತಿರದ ಜಾತಿಗಳ ಹೆಣ್ಣುಗಳೆಲ್ಲ ಒಂದೇ ಥರ ಕಾಣುತ್ತವೆ, ತಳಿ ಕಲೆತುಹೋಗುತ್ತದೆ. ಮರಿ ಜಾಸ್ತಿಯಾಯಿತು ಅಂತ ಕೆರೆಗೋ ಮಲಪ್ರಭೆಗೋ ಬಿಡುವ ಪುಣ್ಯದ ಕೆಲಸವೂ ಬೇಡ. ನಮ್ಮ ದಕ್ಷಿಣದ ಹಳ್ಳ, ಬಾವಿಗಳಲ್ಲಿ ಕಿಲ್ಲಿಯ ನೆಂಟನೇ ಇದ್ದಾನೆ, ತಲೆಯ ಮೇಲೆ ಬೆಳ್ಳಿ ಚುಕ್ಕಿ ಹೊಳೆಯುವ ಪ್ಯಾಂಚಾಕ್ಸ್. ಅವನ ಜಾಗ ಅವನಿಗಿರಲಿ.

ಜಾಸ್ತಿಯಾದರೆ ಮೊಟ್ಟೆ ಕೊಟ್ಟುಬಿಡಿ. ನನಗೂ ಮೊದಲ ಮೊಟ್ಟೆ ಬಂದದ್ದು ಬೆಂಗಳೂರಿನಿಂದ, ಕೊರಿಯರಿನಲ್ಲಿ, ಗುಟ್ಕಾ ಚೀಟಿಯಷ್ಟು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ. ಕೊಕೊಪೀಟನ್ನು, ಅಂದರೆ ತೆಂಗಿನ ನಾರಿನ ಪುಡಿಯನ್ನು, ಉಪ್ಪು ಹೋಗುವ ತನಕ ನಾಲ್ಕು ನೀರಿನಲ್ಲಿ ತೊಳೆದು, ಕುದಿಸಿ, ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳದಷ್ಟು ಒಣಗಿಸಿ. ಅದರೊಳಗೆ ಮೊಟ್ಟೆ ಇಟ್ಟು, ಚೀಲದಲ್ಲಿ ಸ್ವಲ್ಪ ಗಾಳಿ ಉಳಿಸಿ ಕಟ್ಟಿ. ಹಸಿ ಪೀಟಿನಲ್ಲಿ ಮೊಟ್ಟೆ ಮೂರು ವಾರ ಆರಾಮಾಗಿರುತ್ತದೆ. ತೆಗೆದುಕೊಂಡವರು ನೀರು ಹಾಕಿದರೆ ಎಲ್ಲ ಮರಿ ಒಟ್ಟಿಗೇ ಒಡೆಯುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಕಳಿಸಬೇಡಿ, ಕೊರಿಯರ್ ಗಾಡಿಯೊಳಗೆ ಬೆಂದುಹೋಗುತ್ತವೆ. ಚೀಲಕ್ಕೊಂದು ಕಾಗದದ ಚೀಟಿ ಹಚ್ಚಿ, ಅದರ ಮೇಲೆ ಮೀನಿನ ಪೂರ್ತಿ ಹೆಸರು, ಮೊಟ್ಟೆ ಹೆಕ್ಕಿದ ತಾರೀಖು ಬರೆಯಿರಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಹಸಿಗೆ ಕದಡುತ್ತದೆ.